ಎಲೆಅಡಿಕೆ ಸಂಚಿಯಲ್ಲಿ ಮಾತ್ರೆ ಇಟ್ಟ ಡಾಕ್ಟರಮ್ಮ

ಯಾವ ಔಷಧಿಯ ಪೊಟ್ಟಣ ಕೈಗೆ ಬಂದರೂ ನಮ್ಮ ಡಾಕ್ಟರಮ್ಮ ಮೊದಲು ಅದನ್ನು ಮೂಸುತ್ತಿದ್ದರು. ಆಮೇಲೆ ಕಿರುಬೆರಳ ತುದಿಗೆ ಚೂರು ಅಂಟಿಸಿಕೊಂಡು ನಾಲಿಗೆಗೆ ಮುಟ್ಟಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಸೂರಿನ ಜಂತೆಯನ್ನೇ ನೋಡುತ್ತಾ ಸುಮ್ಮನಿರುತ್ತಿದ್ದರು. ಅವರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿಯಿತ್ತು. ರುಚಿ ಪತ್ತೆಯಾದ ಕೂಡಲೇ ಆ ಸಂದಿಯಿಂದ ಸಣ್ಣದೊಂದು ಸಿಳ್ಳೆ ಬರುತ್ತಿತ್ತು. ಸಿಳ್ಳೆ ಕೇಳಿಸಿತೆಂದರೆ ಆ ಮನೆಯ ಯಾವುದೋ ಒಂದು ಸೀಸೆಗೆ ಕೊನೆಗಾಲ ಬಂದಿತೆಂದೇ ಲೆಕ್ಕ.

ಅವರು ನಮ್ಮ ಹೋಬಳಿಯ ಸರ್ಕಾರಿ ಆಸ್ಪತ್ರೆಗೆ ವರ್ಗವಾಗಿ ಬಂದಾಗ ನಾನು ಹೈಸ್ಕೂಲು ಓದುವ ಹುಡುಗಿ. ಅರವತ್ತರ ದಶಕದ ನಡುಭಾಗ. ಕೆ.ಆರ್. ಪೇಟೆ ಕಡೆಯವರು, ಐವತ್ತು ದಾಟಿದ್ದ ಕುಳ್ಳನೆಯ ಹೆಂಗಸು. ನೂಲಿನ ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು. ಗದ್ದೆಯ ಬದುವಿನ ಮೇಲೆ ನಡೆಯಲು ಅದೇ ಸರಿ ಎನ್ನುತ್ತಿದ್ದರು. ಆಸ್ಪತ್ರೆಯ ಕೆಲಸ ಮುಗಿದ ಮೇಲೆ, ಹಾಸಿಗೆ ಹಿಡಿದ ಮುದುಕರಿದ್ದ ಮನೆಗಳಿಗೆ ಯಾರೂ ಕರೆಯದಿದ್ದರೂ ಹೋಗುತ್ತಿದ್ದರು. ಕುರ್ಚಿ ತಂದಿಟ್ಟರೆ ಅದರ ಮೇಲೆ ತಮ್ಮ ಚೀಲ ಇಟ್ಟು, ತಾವು ನೆಲದ ಮೇಲೆ ಹಾಸಿಗೆಯ ಪಕ್ಕ ಕೂರುತ್ತಿದ್ದರು. "ನಾನು ಕುರ್ಚಿ ಮ್ಯಾಲೆ ಕೂತ್ರೆ ಮಲಗಿರೋರಿಗೆ ನನ್ನ ಮೂಗಿನ ಹೊಳ್ಳೆ ಮಾತ್ರ ಕಾಣ್ತದೆ. ಅದನ್ನ ನೋಡಿ ಯಾರಿಗ್ ವಾಸಿಯಾದಾತು?" ಎಂದು ಅವರೇ ಮೊದಲು ನಗುವರು.

ನನಗೆ ಆಗಲೇ ದಿನಚರಿಯ ಚಾಳಿ ಹತ್ತಿತ್ತು. ಕಾಲುವೆಗೆ ನೀರು ಬಿಟ್ಟ ದಿನ, ಮನೆಗೆ ಬಂದುಹೋದ ನೆಂಟರು, ಹಸು ಈದ ಗಳಿಗೆ ಎಲ್ಲವನ್ನೂ ಬರೆದಿಡುತ್ತಿದ್ದೆ. ಹಾಗಾಗಿ ಡಾಕ್ಟರಮ್ಮ ನಮ್ಮ ಹೊಸ್ತಿಲು ದಾಟಿದ್ದು ಕಾರ್ತೀಕ ಮಾಸದ ಮೊದಲ ಗುರುವಾರ ಎಂದು ಖಚಿತವಾಗಿ ಹೇಳಬಲ್ಲೆ.

ಆ ಹೊತ್ತಿಗೆ ತಾತ ಹಾಸಿಗೆ ಹಿಡಿದು ನಾಲ್ಕು ತಿಂಗಳಾಗಿತ್ತು. ಕ್ಯಾತನಹಳ್ಳಿ ಬಯಲಿನಲ್ಲಿ ಕಬ್ಬಿನ ಗಾಡಿ ಕೆಸರಿಗೆ ಇಳಿದರೆ ಹೆಗಲು ಕೊಟ್ಟು ಎತ್ತುತ್ತಿದ್ದ ಮನುಷ್ಯ, ಈಗ ಕೂರಿಸಿದರೆ ಕೂತಲ್ಲೇ ತೂಕಡಿಸುತ್ತಿದ್ದರು. ಎಬ್ಬಿಸಿ ನಿಲ್ಲಿಸಿದರೆ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದರು. ಮಾತು ಕಡಿಮೆಯಾಗಿ, ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಬರುತ್ತಿತ್ತು. ವಯಸ್ಸಾಯಿತು, ಇನ್ನು ಇಷ್ಟೇ ಎಂದು ಎಲ್ಲರೂ ಒಳಗೊಳಗೇ ಒಪ್ಪಿಕೊಂಡಿದ್ದೆವು. ಒಪ್ಪದಿದ್ದವಳು ನನ್ನ ಚಿಕ್ಕ ಸೋದರತ್ತೆ ಒಬ್ಬಳೇ. ಮಾಘದಲ್ಲಿ ಅವಳ ಮದುವೆ ನಿಶ್ಚಯವಾಗಿತ್ತು. ತಾತನ ಬದಲು ನನ್ನ ಅಪ್ಪನೇ ಧಾರೆ ಎರೆಯಲಿ ಎಂದು ಹಿರಿಯರು ಮಾತಾಡಿಕೊಂಡಾಗ ಅವಳು, "ಅಪ್ಪಯ್ಯ ಬದುಕಿರೋವಾಗ ಅಣ್ಣ ಯಾಕ್ ಎರೀಬೇಕು? ಅಪ್ಪಯ್ಯನೇ ನಿಂತು ಎರೀಲಿ, ಇಲ್ದಿದ್ರೆ ಮದುವೇನೇ ಬ್ಯಾಡ" ಎಂದು ಅಡಿಗೆಮನೆಯ ಕದ ಹಾಕಿಕೊಂಡಿದ್ದಳು.

ಡಾಕ್ಟರಮ್ಮ ತಾತನ ನಾಡಿ ಹಿಡಿದು ನೋಡಿದರು, ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಅವ್ವಾ, ಮನೇಲಿರೋ ಔಸ್ದಿನೆಲ್ಲ ಒಂದು ಮೊರಕ್ಕೆ ಹಾಕ್ಕಂಡ್ ಬನ್ನಿ. ಒಂದೂ ಬುಡಬೇಡಿ" ಎಂದರು. ಅದು ಅವರ ಪದ್ಧತಿ, ಪ್ರತಿ ಮನೆಯಲ್ಲೂ ಹೀಗೆಯೇ.

ಮೊರ ತುಂಬಿತು. ಮೈಸೂರಿನ ಆಸ್ಪತ್ರೆಯಿಂದ ತಂದ ರಕ್ತದೊತ್ತಡದ ಮಾತ್ರೆ. ನಾಗಮಂಗಲದ ದೊಡ್ಡ ಅಳಿಯ, ಅಂದರೆ ನನ್ನ ದೊಡ್ಡ ಮಾವ, ಅಲ್ಲಿನ ಪಂಡಿತರಿಂದ ತಂದುಕೊಟ್ಟಿದ್ದ ನಿದ್ದೆಯ ಪುಡಿ. ಶೀಳನೆರೆಯ ಅಳಿಯ ತಂದ ಎರಡು ಟಾನಿಕ್ಕು. ಬೆಳಗೊಳದ ಬೀಗರು ತಂದ ಮಂಡಿನೋವಿನ ಮಾತ್ರೆ, ಹೊಟ್ಟೆಯುಬ್ಬರದ ಮಾತ್ರೆ, ಯಾವುದಕ್ಕೆಂದು ಯಾರಿಗೂ ನೆನಪಿಲ್ಲದ ಹಳದಿ ಗುಳಿಗೆ. ನಮ್ಮ ಕಡೆ ಮಲಗಿರುವ ಹಿರಿಯರನ್ನು ನೋಡಲು ಬರಿಗೈಲಿ ಯಾರೂ ಬರುವುದಿಲ್ಲ. ಬ್ರೆಡ್ಡು, ಕಿತ್ತಲೆಹಣ್ಣು ಆದ ಮೇಲೆ ನೆಂಟರು ಔಷಧಿಯನ್ನೂ ಹಾಗೆಯೇ ತರತೊಡಗಿದ್ದರು. ಅಳಿಯ ತಂದದ್ದನ್ನು ತಾತನಿಗೆ ಕೊಡದಿದ್ದರೆ ಅಳಿಯನನ್ನೇ ಬಾಗಿಲಲ್ಲಿ ನಿಲ್ಲಿಸಿದ ಹಾಗೆ ಎಂದು ಅಜ್ಜಿ ಯಾವುದನ್ನೂ ತಪ್ಪಿಸುತ್ತಿರಲಿಲ್ಲ. ಹೆಣ್ಣುಮಕ್ಕಳು ಬಂದರೆ ತಾವೂ ಸೇವೆ ಮಾಡಿದೆವೆಂದು ಇನ್ನೊಂದು ಸಲ ಕೊಡುತ್ತಿದ್ದರು. "ಊಟದ ನಂತರ ಮೂರು ಹೊತ್ತು" ಎಂದಿದ್ದ ಮಾತ್ರೆಗಳದ್ದು ಬೇರೆ ಪಾಡು. ನಮ್ಮ ಮನೆಯಲ್ಲಿ ಬೆಳಗಿನ ಮುದ್ದೆ, ರಾತ್ರಿಯ ಮುದ್ದೆ ಬಿಟ್ಟರೆ ಮೂರನೆಯ ಊಟವೇ ಇರಲಿಲ್ಲ.

ಇದಕ್ಕೆಲ್ಲ ನಾನೊಂದು ಚೌಕಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಕೆಂಪು ಶಾಯಿ, ನೀಲಿ ಶಾಯಿ, ಗಂಟೆ, ನಿಮಿಷ. ಡಾಕ್ಟರಮ್ಮ ಕನ್ನಡಕ ಏರಿಸಿ ಅದನ್ನು ಪೂರ್ತಿ ಓದಿದರು.

"ಬಲು ಚೆಂದಾಗಿ ಬರ್ದಿದ್ದೀಯ ಮಗಾ. ರೈಲು ಓಡಿಸ್ಬೋದು ಇದನ್ನ ನೋಡ್ಕಂಡು."

ನನ್ನ ಬಿಟ್ಟು ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ನಾನೂ ನಕ್ಕೆ.

ಆಮೇಲೆ ಅವರು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಮೊರದಿಂದ ಒಂದೊಂದನ್ನೇ ಆರಿಸಿದರು. ನಾಗಮಂಗಲದ ಪುಡಿ ಬಂತು. ಮೂಸಿದರು, ನಾಲಿಗೆಗೆ ಮುಟ್ಟಿಸಿದರು, ಕಹಿಗೆ ಮುಖ ಹಿಂಡಿದರು. ಜಂತೆ ನೋಡಿದರು. ಸಿಳ್ಳೆ ಬಂತು.

"ಇದು ಸರ್ಪಗಂಧಿ ಬೇರು. ಮೈಸೂರಿನವ್ರು ಕೊಟ್ಟಿರೋ ಮಾತ್ರೆನೂ ಆ ಬೇರಿಂದೇ ಮಾಡೋದು. ಗೌಡ್ರಿಗೆ ವಯಸ್ಸಾಗಿ ಇಂಗಾಗಿಲ್ಲ ಕಣವ್ವಾ. ಒಂದೇ ಔಸ್ದಿನ ಎಲ್ಡೂ ಕಡೆಯಿಂದ ಸುರೀತಾ ಇದ್ದೀರಿ. ಒತ್ತಡ ಪಾತಾಳಕ್ಕಿಳ್ದದೆ, ತಲೆ ಎತ್ತಾದೆಂಗೆ?"

ಅಡಿಗೆಮನೆಯ ಕದ ತೆರೆಯಿತು. ಚಿಕ್ಕತ್ತೆ ಹೊರಗೆ ಬಂದು, "ಅಂಗಾದ್ರೆ ಅಪ್ಪಯ್ಯ ನಿಂತ್ಕತ್ತಾರಾ ಡಾಕ್ಟ್ರಮ್ಮಾ? ಮಾಘಕ್ಕೆ?" ಎಂದು ಕೇಳಿದಳು.

"ನಾನು ದೇವರಲ್ಲ ಮಗಾ. ಆದ್ರೆ ಕಟ್ಟಿರೋ ಹಗ್ಗ ಬಿಚ್ಚದೆ ಎತ್ತು ಏಳಲಿಲ್ಲ ಅನ್ನೋದು ನ್ಯಾಯ ಅಲ್ಲ. ಮೊದ್ಲು ಬಿಚ್ಚಾನ."

ಅಜ್ಜಿಗೆ ಇನ್ನೊಂದು ಚಿಂತೆ. "ನಾಗಮಂಗಲದವ್ರು ಮುನಿಸ್ಕಂಡು ಮದುವೆಗೇ ಬರ್ದಿದ್ರೆ?"

"ಅವ್ರನ್ನ ನನ್ ತಾವ ಕಳ್ಸಿ. ಬೈಯೋದು ನನ್ನನ್ನೇ ಬೈಲಿ."

ಅಂದು ಮೊರದಲ್ಲಿ ಉಳಿದದ್ದು ಎರಡೇ. ಮೈಸೂರಿನ ಮಾತ್ರೆ ಅರ್ಧ, ಬೆಳಿಗ್ಗೆ. ಮಂಡಿನೋವಿನದು ಒಂದು, ರಾತ್ರಿ. ಮಿಕ್ಕದ್ದೆಲ್ಲ ಅವರ ಚೀಲಕ್ಕೆ ಹೋಯಿತು. ಆದರೆ ಆ ಎರಡನ್ನು ಯಾರು ಕೊಡುವುದು? ಸೊಸೆಯಂದಿರು ನಾನು ತಾನು ಎಂದರು. ಡಾಕ್ಟರಮ್ಮನ ಕಣ್ಣು ತಾತನ ತಲೆದೆಸೆಯಲ್ಲಿದ್ದ ಎಲೆಅಡಿಕೆ ಸಂಚಿಯ ಮೇಲೆ ಬಿತ್ತು. ಎಷ್ಟೇ ಮಂಪರಿದ್ದರೂ ಊಟವಾದ ಕೂಡಲೇ ತಾತನ ಕೈ ತಾನಾಗಿಯೇ ಅದರ ಕಡೆ ಹೋಗುತ್ತಿತ್ತು. ಎಲೆಗೊಂದು ಜೇಬು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು.

"ಗೌಡ್ರೇ, ಈ ಹೊಗೆಸೊಪ್ಪಿನ ಬಾಡಿಗೆದಾರನ್ನ ಎಬ್ಬಿಸ್ತೀನಿ. ನನ್ನ ಮಾತ್ರೆಗೆ ಮನೆ ಬೇಕು."

ತಾತ ಅರೆಗಣ್ಣು ತೆರೆದು ಅಂದ ಮಾತನ್ನು ಆ ರಾತ್ರಿಯೇ ಬರೆದಿಟ್ಟಿದ್ದೆ: "ಬಲು ಹಳೇ ಬಾಡಿಗೆದಾರ ತಾಯಿ... ನೋಡ್ಕಂಡು ಎಬ್ಬಿಸಿ."

ಹಳೆಯ ಸಂಚಿ ಬೇಡವೆಂದು ಅಜ್ಜಿ ಹೊಸದನ್ನೇ ಹೊಲಿದರು. ಹೊಗೆಸೊಪ್ಪಿನ ಜಾಗದಲ್ಲಿ ಎರಡು ಪುಟ್ಟ ಜೇಬು: ಕೆಂಪು ಬಟ್ಟೆಯದು ಬೆಳಿಗ್ಗೆಗೆ, ಕರಿ ಬಟ್ಟೆಯದು ರಾತ್ರಿಗೆ. ಊಟ, ಮಾತ್ರೆ, ನೀರು, ಆಮೇಲೆ ಎಲೆಅಡಿಕೆ. ಸಂತೆಯ ದಿನ ಎಲೆ ತುಂಬಿಸುವಾಗ ಅಜ್ಜಿಯೇ ವಾರದ ಮಾತ್ರೆಯನ್ನೂ ತುಂಬಿಸಬೇಕು. ಜೇಬಿನಲ್ಲಿ ಏನಾದರೂ ಉಳಿದಿದ್ದರೆ ತಪ್ಪಿದೆ ಎಂದು ತಿಳಿಯಬೇಕು. ಬೇರೆ ಯಾರೂ ಕೈ ಹಾಕಕೂಡದು. "ಅವ್ರ ಮಾತ್ರೆ ಅವ್ರ ಕೈಲಿರ್ಲಿ. ಇಡೀ ಊರಿಗೆ ನ್ಯಾಯ ಹೇಳ್ದೋರು, ತಮ್ಮ ಬಾಯಿಗೆ ಒಂದು ಮಾತ್ರೆ ಹಾಕ್ಕಳಾಕಿಲ್ವಾ?" ನನ್ನ ಪಟ್ಟಿಯನ್ನು ನಾನೇ ಗೋಡೆಯಿಂದ ಕಿತ್ತೆ.

ಮುಂದಿನ ವಾರ ನಾಗಮಂಗಲದ ಮಾವ ಬಂದರು, ಕೈಯಲ್ಲಿ ಹೊಸ ಪುಡಿಯ ಪೊಟ್ಟಣ. ವಿಷಯ ತಿಳಿದು ಮುಖ ಕೆಂಪಗಾಯಿತು. ಅಷ್ಟರಲ್ಲಿ ಡಾಕ್ಟರಮ್ಮನೇ ಒತ್ತಡ ನೋಡಲು ಬಂದರು.

"ನಮ್ ಪಂಡಿತ್ರು ಕೊಟ್ಟಿದ್ದು ವಿಸವೇನಮ್ಮಾ?" ಮಾವ ಎದ್ದೇ ನಿಂತರು.

"ಯಾರಂದ್ರು? ಒಳ್ಳೇ ಔಸ್ದಿ, ಸರಿಯಾಗೇ ಕೊಟ್ಟವ್ರೆ. ಮೈಸೂರಿನವ್ರೂ ಸರಿಯಾಗೇ ಕೊಟ್ಟವ್ರೆ. ಅವ್ರಿಗೆ ಇವ್ರು ಗೊತ್ತಿಲ್ಲ, ಇವ್ರಿಗೆ ಅವ್ರು ಗೊತ್ತಿಲ್ಲ, ಅಷ್ಟೇಯ. ಕೂತ್ಕಳಿ ಸೋಮಿ. ಕಬ್ಬು ಅರೆದ್ರೆ ಕೊನೆಗೇನ್ ಬರ್ತದೆ?"

"ಸಕ್ಕರೆ."

"ಆ ಬೇರು ಕಬ್ಬು, ಈ ಮಾತ್ರೆ ಸಕ್ಕರೆ. ನಿಮ್ ಮಾವಯ್ಯ ಒಂದು ಕಡೆ ಕಬ್ಬು ಅಗೀತಾ ಇನ್ನೊಂದು ಕಡೆ ಸಕ್ಕರೆ ಮುಕ್ಕುತಾ ಅವ್ರೆ. ಯಾವ್ದಾದ್ರೂ ಒಂದು ಸಾಕಲ್ವಾ?"

ಮಾವ ಪೊಟ್ಟಣವನ್ನು ನೋಡಿದರು, ಮಲಗಿದ್ದ ತಾತನನ್ನು ನೋಡಿದರು. ಕೂತರು. ಮಗುವಿನ ಹಾಗೆ ಕೇಳಿದರು: "ಅಂಗಾರೆ ಬರೋವಾಗ ನಾನೇನ್ ತರ್ಲಿ?"

"ಎಳೇ ವೀಳ್ಯದೆಲೆ ತನ್ನಿ. ಸಂಚಿ ಬರಿದಾಗ್ಬಾರ್ದು."

ಅಂದಿನಿಂದ ಮಾವ ಎಲೆಯ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಇದನ್ನು ಕೇಳಿ ಶೀಳನೆರೆಯ ಮಾವ ಅಡಿಕೆಯ ಭಾರ ಹೊತ್ತರು.

ಮಾರ್ಗಶಿರದ ಎರಡನೆಯ ಸೋಮವಾರ ಬೆಳಿಗ್ಗೆ ಒಳಮನೆಯಿಂದ ಒಂದು ಗುಡುಗು ಕೇಳಿಸಿತು: "ಮೇಲ್ಗದ್ದೆಗೆ ನೀರ್ ಕಟ್ಟಿದ್ದು ಯಾವನ್ಲಾ? ಬದು ಒಡೆದೋಗದೆ ಅಂತಾವ್ರೆ, ಕಣ್ಣಿಲ್ವೇನ್ಲಾ ನಿಮ್ಗೆ?" ಅಪ್ಪ ಕೈಯಲ್ಲಿದ್ದ ಮುದ್ದೆ ಬಿಟ್ಟು ಎದ್ದು ಓಡಿದರು. ಬೈಗುಳ ತಿನ್ನುತ್ತಾ ಅಷ್ಟು ಸಂತೋಷದಿಂದ ನಿಂತ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಂದ್ರು ಕಣ್ರೋ, ನಿಮ್ಮಪ್ಪ ವಾಪಸ್ ಬಂದ್ರು" ಎಂದರು. ಆ ವಾರ ತಾತ ಗೋಡೆ ಹಿಡಿದು ಹಟ್ಟಿಯವರೆಗೆ ನಡೆದರು. ಪುಷ್ಯದಲ್ಲಿ ಕೋಲೂರಿ ಕಾಲುವೆಯ ಏರಿಯವರೆಗೆ ಹೋದರು. ಡಾಕ್ಟರಮ್ಮ ಪ್ರತಿ ಗುರುವಾರ ಬಂದು ಒತ್ತಡ ನೋಡಿ, "ಇನ್ನೂ ಅವಸರ ಬ್ಯಾಡ, ಏಳೋವಾಗ ಮೊದ್ಲು ಕೂತು ಆಮೇಲ್ ಏಳಿ" ಎಂದು ಎಚ್ಚರಿಸುತ್ತಿದ್ದರು.

ಮದುವೆಯ ದಿನ ಧಾರೆ ಮುಗಿಯುವ ತನಕ ತಾತ ಉಪವಾಸ. ಬೆಳಗಿನ ಮಾತ್ರೆ ತಪ್ಪಿತಲ್ಲ ಎಂದು ಮನೆಯೆಲ್ಲ ಗಾಬರಿ. ದೊಡ್ಡತ್ತೆ ಹಾಲು ಹಿಡಿದು ಓಡಿ ಬಂದರು, ನನ್ನ ಅಮ್ಮ ನೀರು ಹಿಡಿದು ಬಂದರು. ತಾತ ಸೊಂಟದ ಸಂಚಿಯನ್ನು ತಟ್ಟಿದರು. "ಡಾಕ್ಟ್ರಮ್ಮ ಹೇಳವ್ರೆ, ಇವತ್ತು ಊಟ ಯಾವಾಗ್ಲೋ ಮಾತ್ರೆ ಅವಾಗ್ಲೇಯ. ಎಲ್ಲಾ ನನ್ ತಾವೇ ಅದೆ, ಬುಡ್ರವ್ವಾ ದಾರಿ!"

ಚಪ್ಪರದ ಕೆಳಗೆ ಅಜ್ಜಿಯ ಪಕ್ಕ ಅವರು ನಿಂತರು. ಹಿಂದೆ ಇಬ್ಬರೂ ಅಳಿಯಂದಿರು, ಬೀಳುವಂತಾದರೆ ಹಿಡಿಯಲು ಕೈ ಚಾಚಿಕೊಂಡೇ. ತಾತ ಕಲಶವನ್ನು ಎತ್ತಿ ಮಗಳ ಕೈಮೇಲೆ, ಹೊಸ ಅಳಿಯನ ಕೈಮೇಲೆ ಹಾಲುನೀರು ಎರೆದರು. ಧಾರೆ ತುಂಡಾಗದೆ ಬಿತ್ತು. ಹಿಂದಿನವರ ಕೈಗಳಿಗೆ ಕೆಲಸವೇ ಬರಲಿಲ್ಲ. ಚಿಕ್ಕತ್ತೆ ತಲೆ ತಗ್ಗಿಸಿದ್ದಳು. ಅವಳ ಭುಜ ಮಾತ್ರ ಅಲುಗುತ್ತಿತ್ತು. ವಾಲಗದ ಸದ್ದಿನ ನಡುವೆ ಚಪ್ಪರದ ಮೂಲೆಯಿಂದ ಒಂದು ಸಿಳ್ಳೆ ಕೇಳಿಸಿತು. ತಿರುಗಿ ನೋಡಿದೆ. ಡಾಕ್ಟರಮ್ಮ, ಅದೇ ಕ್ಯಾನ್ವಾಸ್ ಬೂಟಿನಲ್ಲಿ, ಸೂರಿಲ್ಲದ್ದರಿಂದ ಚಪ್ಪರದ ಗರಿ ನೋಡುತ್ತಿದ್ದರು.

ಆಮೇಲೆ ಅವರಿಗೆ ವರ್ಗವಾಯಿತು. ನಿವೃತ್ತಿಯಾದ ಮೇಲೆ ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿದರು. ಅದಾದ ಕೆಲವೇ ವರ್ಷಗಳಲ್ಲಿ, ಒಂದು ಶ್ರಾವಣದಲ್ಲಿ ತೀರಿಕೊಂಡರು. ಸುದ್ದಿ ನಮಗೆ ತಲುಪುವಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ಅಸ್ಥಿ ಬಿಡುವ ದಿನ ಮೊದಲ ಬಸ್ಸಿಗೆ ತಾತ, ಅಪ್ಪ, ನಾನು ಕಾವೇರಿ ದಡದ ಪಶ್ಚಿಮವಾಹಿನಿಗೆ ಹೋದೆವು. ಅಲ್ಲಿ ನಮ್ಮ ಹಾಗೆಯೇ ಬೇರೆ ಬೇರೆ ಊರುಗಳಿಂದ ಬಂದ ಮುದುಕರು ಇದ್ದರು. ಎಣಿಸುವುದು ನನ್ನ ಅಭ್ಯಾಸ, ಆದರೂ ಅಂದು ಎಣಿಸಲಿಲ್ಲ.

ಎಲ್ಲ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಬುತ್ತಿ ಉಂಡೆವು. ತಾತ ಸಂಚಿ ಬಿಚ್ಚಿದರು. ಕೆಂಪು ಜೇಬು. ಮಾತ್ರೆ ನುಂಗಿ, ನೀರು ಕುಡಿದು, ಒಂದು ಎಳೆಯ ಎಲೆಯ ಮೇಲೆ ಅಡಿಕೆ ಇಟ್ಟು ಹೊಳೆಗೆ ಬಿಟ್ಟರು. "ಹೊಗೆಸೊಪ್ಪು ಇಟ್ಟಿಲ್ಲ ತಾಯಿ" ಎಂದು ನೀರಿಗೆ ಹೇಳಿದರು.

ಮೆಟ್ಟಿಲು ಹತ್ತುವಾಗ ನಾನು ಅವರ ಕೈ ಹಿಡಿಯಲು ಹೋದೆ.

"ಬುಡವ್ವಾ," ಎಂದರು ತಾತ. "ಆ ತಾಯಿ ನೋಡ್ತಾ ಇದ್ರೆ ಏನ್ ಅನ್ಕತ್ತಾರೆ?" ಮೊದಲು ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತು, ಆಮೇಲೆ ಎದ್ದು, ನಮಗಿಂತ ಮುಂದೆ ಹತ್ತಿಹೋದರು.