ಕ್ರೇಟಿಗೆ ಬೀಳದ ಮೀನು

"ರೀ, ಸಾಕು, ಈಕಡೆ ಬನ್ರೀ!"

ತೊಂಡೇಬಾವಿ ಹತ್ತಿರದ ಸೇತುವೆಯ ಮೋಟುಗೋಡೆಯ ಮೇಲೆ ಹೊಟ್ಟೆಯೂರಿ, ನನ್ನ ಗಂಡ ಸೊಂಟದವರೆಗೂ ಆಚೆಗೆ ಬಾಗಿದ್ದರು. ಅವರ ಬೆಲ್ಟನ್ನು ನಾನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದೆ. ಕೆಳಗೆ ಅವರ ಗಾಳಕ್ಕೆ ದೊಡ್ಡ ಕಾಟ್ಲಾ ಮೀನು ಸಿಕ್ಕಿತ್ತು. ಅಷ್ಟು ಎತ್ತರಕ್ಕೆ ಎಳೆದರೆ ಭಾರಕ್ಕೆ ದಾರ ಹರಿಯುತ್ತದೆಂದು, ಬೈಕಿನಲ್ಲಿದ್ದ ಖಾಲಿ ಟೊಮೆಟೊ ಕ್ರೇಟಿಗೆ ಹಗ್ಗ ಕಟ್ಟಿ ಇಳಿಬಿಟ್ಟಿದ್ದರು. ಮೀನನ್ನು ಅದರೊಳಗೆ ಸೇರಿಸಿ ಎತ್ತುವ ಉಪಾಯ. ಆದರೆ ಪ್ಲಾಸ್ಟಿಕ್ ಕ್ರೇಟು ಮುಳುಗಲೇ ಇಲ್ಲ. ಒಳಗೊಂದು ಕಲ್ಲಿಡಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಅದು ತೇಲಿ ದೂರ ಹೋದಂತೆಲ್ಲ ಇವರು ಇನ್ನಷ್ಟು ಬಾಗುತ್ತಿದ್ದರು.

"ಇನ್ನೊಂಚೂರು ಕಣೇ, ಬಿಡಬೇಡ!"

ಅಷ್ಟರಲ್ಲಿ ಹಿಂದಿನಿಂದ ಜಲ್ಲಿ ಲಾರಿಯೊಂದು ಹಾದು ಸೇತುವೆಯೇ ನಡುಗಿತು. ಅವರ ಎರಡೂ ಪಾದ ನೆಲ ಬಿಟ್ಟವು. ನಾನು ಬೆಲ್ಟಿಗೆ ಜೋತುಬಿದ್ದು ಹಿಂದಕ್ಕೆ ಕುಸಿದೆ. ಇಬ್ಬರೂ ರಸ್ತೆಯ ಮೇಲೆ ಬಿದ್ದೆವು. ದಾರ ಹರಿದಿತ್ತು, ಕ್ರೇಟು ಹಗ್ಗದ ಸಮೇತ ಹೊಳೆಯ ಪಾಲಾಗಿತ್ತು. "ಮೀನು ಹೋಯ್ತಲ್ಲೇ" ಎಂದು ಅವರು ಮನೆ ಸೇರುವತನಕ ಗೊಣಗಿದರು. ಅಂದು ಸಂಜೆ ಮುದ್ದೆ ತೊಳಸುವ ಮೊದಲು ನಾನು ಅವರ ಬೆಲ್ಟಿನ ಹೊಲಿಗೆಯನ್ನು ಎಳೆದೆಳೆದು ನೋಡಿದೆ.

ಮುಂದಿನ ಭಾನುವಾರ ನನ್ನನ್ನೂ ಕರೆದುಕೊಂಡು ಮತ್ತೆ ಹೊರಟರು. ಈ ಸಲ ತಂದ ಬೇರೆ ಕ್ರೇಟಿನಲ್ಲಿ ಕಲ್ಲಿತ್ತು, ಜೊತೆಗೆ ಇನ್ನೊಂದು ಹಗ್ಗ. ಸೇತುವೆಯ ಮೇಲೆ ಅದರ ಒಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಇನ್ನೊಂದನ್ನು ನನ್ನ ಕೈಗಿತ್ತರು. ಪಕ್ಕದ ಕಂಬಕ್ಕೇ ಕಟ್ಟಬಹುದಿತ್ತು. ಆದರೂ ನಾನು ಅದನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ನಿಂತೆ.