ಅವಳ ಗಂಟಿನಲ್ಲಿ ನನ್ನ ಪುಸ್ತಕ

ಆ ಮುದುಕಿಯನ್ನು ನಾನು ಮೊದಲಿನಿಂದಲೂ ನಂಬಿರಲಿಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಬೇರೆಯವರ ಮಗ್ಗಗಳಿಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದ ವಿಧವೆ ಅವಳು. ನಮ್ಮ ಕ್ರೈಸ್ತರ ಪ್ರಾರ್ಥನೆಗೆ ಬಂದು ಹಿಂದೆ ಕೂರತೊಡಗಿದ ಮೇಲೆ ಕುಲದವರು ಅವಳಿಗೆ ನೂಲು ಕೊಡುವುದನ್ನು ನಿಲ್ಲಿಸಿದ್ದರು. ಬಾವಿಗೂ ಬರಬೇಡ ಎಂದಿದ್ದರು. ಹೊಟ್ಟೆಪಾಡಿಗಾಗಿಯೇ ದೀಕ್ಷಾಸ್ನಾನ ಕೇಳುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಹೊಟ್ಟೆಗೆ ಕುತ್ತು ಬಂದದ್ದೇ ನಮ್ಮಲ್ಲಿಗೆ ಬಂದದ್ದರಿಂದ ಎಂಬುದು ಆಗ ಹೊಳೆಯಲಿಲ್ಲ.

ನಾನು ಮುಂಬಯಿಯ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಕ್ರೈಸ್ತನಾಗಿ, ಊರಿಗೆ ಮರಳಿ ಪಾದ್ರಿಗಳ ಶಾಲೆಯಲ್ಲಿ ಮಾಸ್ತರನಾಗಿದ್ದೆ. ದೀಕ್ಷಾಸ್ನಾನ ಬಯಸಿದವರನ್ನು ಮೊದಲು ಪರೀಕ್ಷಿಸುವ ಕೆಲಸವೂ ನನ್ನದು. ಬೈಬಲಿನ ಹತ್ತು ಆಜ್ಞೆಗಳನ್ನು ಅವಳು ಒಮ್ಮೆಯೂ ಸರಿಯಾದ ಕ್ರಮದಲ್ಲಿ ಹೇಳಲಿಲ್ಲ. ಎರಡು ಸಲ "ಇನ್ನೂ ಸಿದ್ಧಳಿಲ್ಲ" ಎಂದು ಬರೆದೆ. ಅತ್ತ ಕುಲವಿಲ್ಲದೆ, ಇತ್ತ ಸಭೆಯಿಲ್ಲದೆ ಅವಳು ನಡುವೆ ನಿಂತಿದ್ದಳು. ನಾನು ನೆಮ್ಮದಿಯಿಂದ ಊಟ ಮಾಡುತ್ತಿದ್ದೆ.

ನರಗುಂದದಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಬೇಸಿಗೆ ಅದು. ಶಾಲೆ ತೆರೆಯಲು ಜಾಗ ನೋಡುವುದಕ್ಕೆಂದು ಅಲ್ಲಿಗೆ ಹೋಗಿದ್ದ ನಾನು ಬಾಡಿಗೆ ಗಾಡಿ ಹಿಡಿದು ಊರಿನತ್ತ ಓಡಿಬರುತ್ತಿದ್ದೆ. ಮಗಳ ಮನೆಗೆ ಬಂದಿದ್ದ ಆ ಮುದುಕಿ ದಾರಿಯ ಯಾವಗಲ್ ಊರಿನಲ್ಲಿ ಗಾಡಿಗೆ ಕೈ ಮಾಡಿದಳು. ಹತ್ತಿಸಿಕೊಂಡೆ. ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಎದುರಿಗೆ ಧೂಳೆದ್ದಿತು. ದಂಗೆಕೋರರ ಕುದುರೆಗಳು.

ನನ್ನ ಚೀಲದಲ್ಲಿ ಸುವಾರ್ತೆಯ ಪುಸ್ತಕವಿತ್ತು. ನಾನು ಬಿಳಿಯರ ದೇವರನ್ನು ನಂಬಿದವನೆಂದು ಗೊತ್ತಾದರೆ ಏನಾದೀತೆಂದು ನನಗೆ ಗೊತ್ತಿತ್ತು. ಮುದುಕಿ ಧೂಳಿನತ್ತ ನೋಡುತ್ತಿದ್ದಾಗ ಪುಸ್ತಕವನ್ನು ಅವಳ ಬಟ್ಟೆಯ ಗಂಟಿನೊಳಗೆ ತುರುಕಿದೆ. ಅದನ್ನು ಮಾಡಿದ್ದು ನನ್ನದೇ ಕೈ. ಇವತ್ತಿಗೂ ಆ ಕೈಯನ್ನು ನೋಡಿಕೊಳ್ಳುತ್ತೇನೆ.

"ಗಾಡಿ ನಿಲ್ಲಸಲೇ! ಯಾವೂರು?" ಮುಂದಿನ ಸವಾರ ಕೇಳಿದ.

"ಗಜೇಂದ್ರಗಡರಿ. ಅರಿವಿ ಅಂಗಡ್ಯಾಗ ಲೆಕ್ಕಾ ಬರೀತೀನ್ರಿ," ಎಂದು ಬಟ್ಟೆ ಅಂಗಡಿಯವನಾಗಿಬಿಟ್ಟೆ.

"ಅರಿವಿ ಅಂಗಡ್ಯಾಂವಗ ಇಷ್ಟ್ಯಾಕ ನಡುಕ?"

ಅವನು ಕತ್ತಿಯ ಮೊನೆಯಿಂದ ಮುದುಕಿಯ ಗಂಟು ಬಿಚ್ಚಿದ. ಸೀರೆಯ ಮಡಿಕೆಯಿಂದ ಪುಸ್ತಕ ಜಾರಿ ಬಿತ್ತು. ಅವಳು ಪುಸ್ತಕ ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ರೆಪ್ಪೆ ಬಡಿಯುವಷ್ಟು ಹೊತ್ತು.

"ಇದು ಯಾರದು, ಮುದುಕಿ?"

"ನಂದರೀ ಯಪ್ಪಾ."

"ಓದಾಕ ಬರತೈತೇನು ನಿನಗ?"

"ಎಲ್ಲೀದರೀ? ಬರತಿದ್ರ ನನ್ನ ಎರಡು ಸಲ ಹೊಳ್ಳಿ ಕಳಸ್ತಿದ್ರನ್ರೀ?"

"ಯಾರು ಕಳಿಸಿದ್ರು?"

ಈಗ ಬೆರಳು ತೋರಿಸುತ್ತಾಳೆ, ಸೇಡು ತೀರಿಸಿಕೊಳ್ಳುತ್ತಾಳೆ ಎಂದುಕೊಂಡೆ.

"ಸಾಲಿ ಮಾಸ್ತರ್ರು," ಎಂದಳು, ಎತ್ತುಗಳತ್ತ ನೋಡುತ್ತ. "ಪಾಠ ಬಾಯಿಗೆ ಬರೂದಿಲ್ಲ, ನೀ ನಮಗ ಬ್ಯಾಡ ಅಂದ್ರು."

"ಅವರಿಗೂ ಬ್ಯಾಡಾದ ಸರಕು ಇದು!" ಹಿಂದಿನವನೊಬ್ಬ ಅಂದ. ಎಲ್ಲರೂ ನಕ್ಕರು. ಮೊದಲಿನವನು ಪುಸ್ತಕದ ಮುಂದಿನ ಹಾಳೆಗಳನ್ನು ಕಿತ್ತು ಗಾಳಿಗೆ ತೂರಿ, ಉಳಿದದ್ದನ್ನು ಮಣ್ಣಿಗೆಸೆದ. ಕಿತ್ತುಹೋದ ಹಾಳೆಗಳಲ್ಲೊಂದರ ಮೇಲೆ ನನ್ನ ಹೆಸರಿತ್ತು. ಅವರು ಹೋದ ಮೇಲೆ ಮುದುಕಿ ಇಳಿದು ಪುಸ್ತಕ ಎತ್ತಿಕೊಂಡು, ಸೆರಗಿನಿಂದ ಒರೆಸಿ, ತನ್ನ ಗಂಟಿಗೇ ಹಾಕಿಕೊಂಡಳು. ರೋಣ ದಾಟಿದರೂ ಮಾತಿಲ್ಲ. ಮನೆ ಮುಟ್ಟಿದರೂ ಇಲ್ಲ.

ಆ ಮೌನವೇ ನನ್ನನ್ನು ತಿನ್ನತೊಡಗಿತು. ಪುಸ್ತಕವನ್ನೇಕೆ ಹಿಂದಿರುಗಿಸಲಿಲ್ಲ? ಸಾಕ್ಷಿಗೆಂದು ಇಟ್ಟುಕೊಂಡಿದ್ದಾಳೆಯೇ? ಅವಳು ಪಾದ್ರಿಗಳ ಮನೆಯ ಕಡೆ ನಡೆದರೆ ನಾನು ಕಿಟಕಿಗೆ ಬಂದು ನಿಲ್ಲುತ್ತಿದ್ದೆ. ಅವಳು ನಮಸ್ಕಾರವೆಂದರೆ ಅದರಲ್ಲಿ ಬೆದರಿಕೆ ಹುಡುಕುತ್ತಿದ್ದೆ. ಈ ಸಲ ತೇರ್ಗಡೆ ಮಾಡು, ಇಲ್ಲದಿದ್ದರೆ ಹೇಳಿಬಿಡುತ್ತೇನೆ ಎಂಬುದೇ ಅವಳ ಹೂಟವೆಂದು ನನಗೆ ಖಾತ್ರಿಯಾಗಿತ್ತು.

ಮೂರನೆಯ ಪರೀಕ್ಷೆಗೆ ಪಾದ್ರಿಗಳೇ ಕುಳಿತರು. ಪಕ್ಕದ ಕುರ್ಚಿಯಲ್ಲಿ ನಾನು, ಕೆಳಗೆ ಚಾಪೆಯ ಮೇಲೆ ಅವಳು. ಆಜ್ಞೆಗಳ ಕ್ರಮ ಮತ್ತೆ ತಪ್ಪಿತು. ಪಾದ್ರಿಗಳು ಅದನ್ನು ದೊಡ್ಡದು ಮಾಡದೆ, "ಅರಿಕೆ ಮಾಡಬೇಕಾದ ಪಾಪ ಏನಾದರೂ ಇದೆಯೇ?" ಎಂದು ತಮ್ಮ ಗ್ರಾಂಥಿಕ ಕನ್ನಡದಲ್ಲಿ ಕೇಳಿದರು.

ಅವಳು ಗಂಟಿನಿಂದ ಹರಿದ ಪುಸ್ತಕ ತೆಗೆದು ಮುಂದಿಟ್ಟಳು. "ಸುಳ್ಳು ಹೇಳೀನ್ರಿ. ಇದು ನಂದಲ್ಲರಿ. ದಾರ್‍ಯಾಗ ಕುದರೀಯವ್ರು ಕೇಳಿದಾಗ ನಂದು ಅಂದೆ."

"ಹಾಗಾದರೆ ಯಾರದು?"

"ಅದನ್ನ ಹೇಳಂಗಿಲ್ರಿ."

"ಮುಚ್ಚಿಟ್ಟರೆ ಅರಿಕೆ ಪೂರ್ಣವಾಗುವುದಿಲ್ಲ."

"ನನ್ನ ತಪ್ಪು ನಾ ಹೇಳಿದ್ನೆಲ್ರಿ. ಇನ್ನೊಬ್ಬರದು ನಾ ಹ್ಯಾಂಗ ಹೇಳ್ಲಿ?"

ಪಾದ್ರಿಗಳು ಲೇಖನಿ ಕೆಳಗಿಟ್ಟು, ಮುಂದಿನ ವರ್ಷದವರೆಗೆ ಕಾಯಬೇಕಾದೀತು ಎಂದರು. ಅವಳು "ಆತ್ರಿ" ಎಂದು ಮೊಣಕಾಲಿಗೆ ಕೈಯೂರಿ ಏಳತೊಡಗಿದಳು. ಹೂಟವಿರಲಿಲ್ಲ. ನನ್ನತ್ತ ಒಂದು ನೋಟವೂ ಇರಲಿಲ್ಲ.

"ಪುಸ್ತಕ ನನ್ನದು," ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ.

ಪಾದ್ರಿಗಳು ಅವಳಿಗೆ ದೀಕ್ಷಾಸ್ನಾನಕ್ಕೆ ಭಾನುವಾರ ಬರಲು ಹೇಳಿದರು. ನನಗೆ ಇನ್ನು ಕುರ್ಚಿ ಬಿಟ್ಟು ಚಾಪೆಯ ಮೇಲೆ ಕಲಿಯುವವರ ಜೊತೆ ಕೂರಲು ಹೇಳಿದರು.

ಹೊರಗೆ ಬಂದ ಮೇಲೆ ಅವಳು ನಕ್ಕಳು. "ಅಲ್ರೀ ಮಾಸ್ತರ್ರ, ಇದನ್ನ ಅವತ್ತು ದಾರ್‍ಯಾಗ ಹೇಳಬೇಕಿತ್ತು."

"ಕೊಂದುಬಿಡತಿದ್ರವ್ವಾ."

"ಮತ್ತ ನನ್ನ ಬಿಡತಿದ್ರನ್ರೀ?"

ಅವತ್ತು ಅವಳಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಕೇಳಿದೆ.

"ಧೈರ್ಯಾ ಎಲ್ಲೀದರೀ? ಬಾಯಿಗೆ ಬಂತು, ಅಂದೆ. ಮನಿಗೆ ಹೋಗಿ ಮೂರು ದಿನ ನಡಗೀನಿ. ನಂದೇನೂ ಇಲ್ರಿ ಅದರಾಗ. ಮ್ಯಾಲಿನಾಂವ ಕೈ ಹಿಡದ, ನಿಂತೆ."

ಭಾನುವಾರ ಅವಳಿಗೆ ದೀಕ್ಷಾಸ್ನಾನವಾಯಿತು. ನನ್ನ ಅನುಮಾನ ಅವಳನ್ನು ಬಿಟ್ಟು ನನಗೇ ಅಂಟಿಕೊಂಡಿತು. ಅಂದು ನಾನು ಬಾಯಿಬಿಟ್ಟದ್ದು ಪಶ್ಚಾತ್ತಾಪದಿಂದಲೋ, ಅವಳು ಇನ್ನೆಷ್ಟು ದಿನ ಸುಮ್ಮನಿರುತ್ತಾಳೋ ಎಂಬ ಭಯದಿಂದಲೋ? ಎಷ್ಟು ಕೆದಕಿದರೂ ತಳ ಸಿಗುವುದಿಲ್ಲ. ಆದ್ದರಿಂದ ಪ್ರಾರ್ಥಿಸುವಾಗ ಆ ಅರಿಕೆಯನ್ನು ನನ್ನ ಪುಣ್ಯವೆಂದು ದೇವರ ಮುಂದಿಡಲು ನನಗೆ ಧೈರ್ಯವಾಗುವುದಿಲ್ಲ. ಕೃಪೆ ಬೇಡುತ್ತೇನೆ, ಅಷ್ಟೆ; ಇಡುವುದಕ್ಕೆ ನನ್ನ ಬಳಿ ಬೇರೇನೂ ಇಲ್ಲ.