ಕುಂಕುಮ ಕೊಟ್ಟು ಕರೆದ ಫೈನಲ್

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ, ಶನಿವಾರ. ಪರದೇಶದ ಈ ಊರಿನಲ್ಲಿ, ಬ್ಯೂನಾ ವಿಸ್ಟಾ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಸುತ್ತ ನಾಲ್ಕು ಜನ ಕೂತಿದ್ದೆವು. ನಾನು, ನಮ್ಮೆಜಮಾನರು, ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ನಮ್ಮತ್ತೆ, ಮತ್ತೆ ಮಗಳು ಸಿಂಧು. ಹಿಂದಿನ ದಿನದ ಒಬ್ಬಟ್ಟನ್ನು ಬಿಸಿ ಮಾಡಿ ತುಪ್ಪ ಹಾಕಿ ಕೊಟ್ಟಿದ್ದೆ. ಒಬ್ಬಟ್ಟು ಅಂದರೆ ಜೀವ ಬಿಡುವ ಹುಡುಗಿ ಅವತ್ತು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಿದ್ದಳು.

"ಏನಾಯ್ತೇ?" ಅಂದೆ.

"ಫೈನಲ್‌ಗೆ ಬಂದ್ವಿ," ಅಂದಳು.

"ಅದಕ್ಕೆ ಯಾರಾದರೂ ಮುಖ ಸಣ್ಣಗೆ ಮಾಡ್ಕೋತಾರಾ?"

ಸಿಂಧು ಇಲ್ಲಿ ಪಾಲಿಟೆಕ್ನಿಕ್‌ನಲ್ಲಿ ಓದುತ್ತಾಳೆ. ಯಾರೋ ಆಸ್ಟ್ರೇಲಿಯಾದ ಗೆಳತಿ ಕರೆದಳು ಅಂತ ಒಂದು ದಿನ ಅವರ ಫುಟ್‌ಬಾಲ್ ಆಡಲು ಹೋದವಳು ಅಲ್ಲೇ ಅಂಟಿಕೊಂಡುಬಿಟ್ಟಳು. ಅದು ನಮಗೆಲ್ಲ ಗೊತ್ತಿರುವ ಫುಟ್‌ಬಾಲ್ ಅಲ್ಲ. ಚೆಂಡು ಉದ್ದಕ್ಕೆ, ಮಾವಿನಕಾಯಿ ಆಕಾರದಲ್ಲಿರುತ್ತದೆ. ಕಾಲಲ್ಲೂ ಒದೆಯಬಹುದು, ಕೈಯಲ್ಲಿ ಹಿಡಿದು ಓಡಬಹುದು, ಗುದ್ದಿ ಇನ್ನೊಬ್ಬರಿಗೆ ಕೊಡಬಹುದು. ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲ್, ಪಕ್ಕದಲ್ಲಿ ಹೋದರೆ ಸಮಾಧಾನಕ್ಕೆ ಒಂದು ಪಾಯಿಂಟ್. ಮೊದಲ ಸಲ ಮೈದಾನ ನೋಡಿದ ನಮ್ಮತ್ತೆ, "ಇದೇನೇ, ಕಂಬ ನೆಟ್ಟು ಚಪ್ಪರ ಹಾಕದೇ ಬಿಟ್ಟಿದ್ದಾರೆ!" ಅಂದಿದ್ದರು. ಆ ಮಾತು ಅವಳ ಟೀಮಿನಲ್ಲೆಲ್ಲ ಹರಡಿ, ಆ ಹುಡುಗಿಯರು ಅತ್ತೆಯನ್ನು ಕಂಡರೆ "ಅಜ್ಜಿ, ಚಪ್ಪರ!" ಅಂತ ಕೂಗುತ್ತಿದ್ದರು.

ಮುಖ ಸಣ್ಣಗಾಗಲು ಕಾರಣ ಇತ್ತು. ಪ್ರತಿ ವರ್ಷ ಹೆಂಗಸರ ಫೈನಲ್ ಗಂಡಸರ ಫೈನಲ್‌ಗೆ ಮುಂಚೆ, ಮಟಮಟ ಮಧ್ಯಾಹ್ನದಲ್ಲಿ ನಡೆಯುತ್ತಿತ್ತಂತೆ. ಜನ ಬರುವ ಹೊತ್ತಿಗೆ ಇವರ ಆಟ ಮುಗಿದಿರುತ್ತಿತ್ತು. ಈ ಸಲ ಹುಡುಗಿಯರು ಹಟ ಹಿಡಿದು ತಮಗೇ ಅಂತ ಒಂದು ಭಾನುವಾರ ಕೇಳಿ ಪಡೆದಿದ್ದರು. ನಡೆಸುವವರು ಕೊಟ್ಟರು, ಆದರೆ ಒಂದು ಮಾತು ಹೇಳಿ ಕೊಟ್ಟರು. ನೋಡಲು ಜನ ಬಂದರೆ ಮುಂದಿನ ವರ್ಷವೂ ಹೆಂಗಸರ ಪಂದ್ಯಾವಳಿ ಇರುತ್ತದೆ. ಬರದಿದ್ದರೆ ನಿಲ್ಲಿಸುತ್ತೇವೆ. ಈ ಊರಿನಲ್ಲಿ ಮೈದಾನ ಸಿಗುವುದೇ ಕಷ್ಟ, ನೋಡುವವರಿಲ್ಲದ ಆಟಕ್ಕೆ ಯಾರು ಬುಕ್ ಮಾಡುತ್ತಾರೆ?

"ಆಡೋದು ನಮ್ಮ ಕೈಲಿದೆ ಅಮ್ಮಾ. ಜನ ಬರೋದು ನಮ್ಮ ಕೈಲಿ ಇಲ್ವಲ್ಲ," ಅಂದಳು.

"ಯಾಕಿಲ್ಲ?" ಅಂದರು ನಮ್ಮತ್ತೆ. "ನಿಮ್ಮ ಫೋನಲ್ಲಿ ಒಂದು ಚಿತ್ರ ಕಳಿಸಿಬಿಟ್ಟರೆ ಯಾರು ಬರ್ತಾರೆ? ಮನೆಗೆ ಹೋಗಿ ಕರೀಬೇಕು. ಹಣೆಗೆ ಕುಂಕುಮ ಇಟ್ಟು, ಬಾಯ್ತುಂಬ ಕರೆದರೆ ನಮ್ಮೋರು ಬರದೇ ಇರಲ್ಲ."

ನಮ್ಮೆಜಮಾನರು ನಕ್ಕರು. "ಅಮ್ಮಾ, ಇದು ಮದುವೆ ಅಲ್ಲ, ಮ್ಯಾಚು."

"ಕಂಬ ನೆಟ್ಟಿದ್ದಾರಲ್ಲಪ್ಪ, ಇನ್ನೇನು ಬೇಕು?" ಅಂದರು ಅತ್ತೆ.

ಸಿಂಧು ಮಾತ್ರ ನಗಲಿಲ್ಲ. ಅವಳ ಕಣ್ಣು ಅರಳಿತು. "ಅಜ್ಜಿ, ಸೀರಿಯಸ್ಲಿ? ಕುಂಕುಮ ಕೊಟ್ಟು ಕರೆದ್ರೆ ಬರ್ಲೇಬೇಕಾ?"

"ಮತ್ತೆ? ಬರದೇ ಇದ್ರೆ ಅದು ಕರೆದೋರಿಗಲ್ಲ, ಕುಂಕುಮಕ್ಕೆ ಅವಮಾನ."

ಅವತ್ತಿನಿಂದ ಶುರುವಾಯಿತು ನೋಡಿ. ಬಿಡುವಾದಾಗೆಲ್ಲ ನಾನು, ಅತ್ತೆ, ಸಿಂಧು ಮೂವರೂ ಬೆಳ್ಳಿಯ ಕುಂಕುಮ ಭರಣಿ ಹಿಡಿದುಕೊಂಡು ಊರಿನ ಕನ್ನಡದವರ ಮನೆಮನೆ ಸುತ್ತಿದೆವು. ಬುಕಿತ್ ಪಂಜಾಂಗ್‌ನ ಪುಟ್ಟ ರೈಲಿನಲ್ಲಿ ಅತ್ತೆ ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಚೆಲ್ಲದಂತೆ ಎರಡೂ ಕೈ ಮುಚ್ಚಿ ಕೂತಿರುತ್ತಿದ್ದರು. ಜೀನ್ಸ್ ಬಿಟ್ಟು ಬೇರೆ ಹಾಕದ ಹುಡುಗಿ ಚೂಡಿದಾರ್ ಹಾಕಿ, ಎಲ್ಲರ ಕಾಲಿಗೂ ನಮಸ್ಕಾರ ಮಾಡಿ, "ಫೈನಲ್‌ಗೆ ಮನೆಮಂದಿಯೆಲ್ಲ ಬರ್ಬೇಕು" ಅಂತ ಅಜ್ಜಿ ಹೇಳಿಕೊಟ್ಟ ಹಾಗೆಯೇ ಹೇಳುತ್ತಿದ್ದಳು.

ಎಲ್ಲರೂ ಕರಗಿ ನೀರಾದರು. ಸೆಂಬವಾಂಗ್‌ನ ವಸಂತಾ ಅವರಂತೂ ಅವಳ ಗಲ್ಲ ಹಿಡಿದು, "ಮನೆ ಮಗಳು ಕುಂಕುಮ ಇಟ್ಟು ಕರೀತಿದ್ದಾಳೆ, ಬರದೇ ಇರ್ತೀವಾ? ಖಂಡಿತ ಬರ್ತೀವಿ ಕಣೇ," ಅಂದರು. ಇಪ್ಪತ್ತು ವರ್ಷದ ಸ್ನೇಹ ನಮ್ಮದು. ಸಿಂಧು ಹುಟ್ಟಿದಾಗ ನನಗೆ ಬಾಣಂತಿ ಸಾರು ಮಾಡಿ ತಂದವರು ಅವರೇ. ಅವರ ಯಜಮಾನರು, "ಸಿಂಧು, ನಾವು ಯಾವ ಕಡೆ ಕೂಗಬೇಕು ಅಂತ ಮೊದಲೇ ಹೇಳಿಬಿಡಮ್ಮಾ, ಆಮೇಲೆ ಎದುರಾಳಿಗೆ ಜೈ ಅಂದುಬಿಟ್ಟೇವು," ಅಂತ ತಮಾಷೆ ಮಾಡಿದರು.

"ನೀಲಿ ಜರ್ಸಿ ಅಂಕಲ್. ನೀವು ಬನ್ನಿ ಸಾಕು, ಕೂಗೋದು ನಾನು ಕಲಿಸ್ತೀನಿ."

ವಾಪಸು ಬರುವಾಗ ಎಂಆರ್‌ಟಿ ರೈಲಿನಲ್ಲಿ ನನಗೆ ಯಾಕೋ ಅಳುಕು ಶುರುವಾಯಿತು. "ಪುಟ್ಟೀ, ಬರ್ತೀವಿ ಅಂದೋರೆಲ್ಲ ಬರ್ತಾರೆ ಅಂತ ಇಟ್ಕೋಬೇಡ. ನಮ್ಮಲ್ಲಿ ಕರೆಯೋಕೆ ಬಂದೋರ ಮುಖಕ್ಕೆ ಯಾರೂ ಬರಲ್ಲ ಅನ್ನಲ್ಲ. ಅದು ಮರ್ಯಾದೆ," ಅಂದೆ.

"ಬರಲ್ಲ ಅಂದ್ರೆ ಬರಲ್ಲ ಅನ್ಬೇಕು ಲಾ. ಬರ್ತೀವಿ ಅಂದು ಬರದೇ ಇರೋದು ಯಾವ ಮರ್ಯಾದೆ?"

ಈ ಊರಿನವರ ಹಾಗೆ ಮಾತಿನ ಕೊನೆಗೊಂದು 'ಲಾ' ಅವಳಿಗೂ ಅಂಟಿತ್ತು. ಅವಳು ಆಗಲೇ ಕೋಚ್‌ಗೆ ಫೋನ್ ಮಾಡಿ ಹೇಳುತ್ತಿದ್ದಳು, ಕುರ್ಚಿ ಜಾಸ್ತಿ ಹಾಕಿಸಿ, ನಮ್ಮ ಜನ ಬರುತ್ತಾರೆ, ವಯಸ್ಸಾದವರೂ ಇದ್ದಾರೆ ಅಂತ.

ಗಣೇಶನ ಹಬ್ಬ ಕಳೆದ ಮೇಲಿನ ಭಾನುವಾರ ಬಂತು. ಬೆಳಿಗ್ಗೆಯೇ ಎದ್ದು ದೊಡ್ಡ ಪಾತ್ರೆಯಲ್ಲಿ ಪುಳಿಯೋಗರೆ ಕಲಸಿದೆ, ಇನ್ನೊಂದರಲ್ಲಿ ಮೊಸರನ್ನ. ಕರೆದು ಬರಿಹೊಟ್ಟೆಯಲ್ಲಿ ಕಳಿಸುವುದುಂಟಾ? ಅಷ್ಟು ಹೊತ್ತಿಗೆ ಫೋನ್ ಟಿಣ್ ಅಂತು. ಬುಕಿತ್ ಪಂಜಾಂಗ್‌ನವರು: ಮಗನ ಟ್ಯೂಷನ್ ಟೈಮ್ ಚೇಂಜ್ ಆಯಿತು, ಸಾರಿ, ಆಲ್ ದ ಬೆಸ್ಟ್. ಕೆಳಗೆ ಕೈಮುಗಿದ ಚಿತ್ರ. ಹೋಗಲಿ, ಒಂದು ಮನೆ ತಾನೇ ಅಂದುಕೊಂಡೆ. ಅಲ್ಲಿಂದ ಸಾಲು ಹತ್ತಿತು. ಒಬ್ಬರಿಗೆ ತಲೆನೋವು. ಒಬ್ಬರ ಮನೆಗೆ ನೆಂಟರು. ಅವತ್ತೇ ಇಂಡಿಯಾದ ಕ್ರಿಕೆಟ್ ಮ್ಯಾಚು. ಮೋಡ ಆಗಿದೆ, ಮಳೆ ಬರಬಹುದು ಅಂತ ಇನ್ನೊಬ್ಬರು. ಎಲ್ಲದರ ಕೆಳಗೂ ಕೈಮುಗಿದ ಚಿತ್ರ. ಮಗಳು ಆಗಲೇ ಮೈದಾನಕ್ಕೆ ಹೋಗಿದ್ದಳು. ವಸಂತಾ ಅವರಿಂದ ಮಾತ್ರ ಏನೂ ಬಂದಿರಲಿಲ್ಲ. ಅವರಾದರೂ ಬರುತ್ತಾರೆ ಅನ್ನುವ ನಂಬಿಕೆಯ ಮೇಲೆ ಟ್ಯಾಕ್ಸಿಗೆ ಪಾತ್ರೆ ಏರಿಸಿದೆವು.

ಮೈದಾನದ ಹತ್ತಿರ ಬಂದಿಳಿದೆವು. ಹುಲ್ಲಿನ ಪಕ್ಕದಲ್ಲಿ ಬಿಳಿ ಪ್ಲಾಸ್ಟಿಕ್ ಕುರ್ಚಿಗಳು, ಸಾಲಿನ ಹಿಂದೆ ಸಾಲು. ಮೊದಲ ಸಾಲಿನ ಕುರ್ಚಿಗಳಿಗೆ ನೀಲಿ ರಿಬ್ಬನ್ ಕಟ್ಟಿದ್ದರು. ಒಂದರಲ್ಲೂ ಜನ ಇಲ್ಲ. ಆಚೆ ಕಡೆ ಎದುರು ಟೀಮಿನವರ ಒಂದಿಷ್ಟು ಗೆಳೆಯರು ಹುಲ್ಲಿನ ಮೇಲೆ ಚಾಪೆ ಹಾಕಿಕೊಂಡಿದ್ದರು, ಅಷ್ಟೇ. ಕೋಚ್ ಓಡಿ ಬಂದು ಪಾತ್ರೆ ಇಳಿಸಲು ಕೈಜೋಡಿಸಿದಳು. "ಉಳಿದವರು ಹಿಂದೆ ಬರ್ತಿದ್ದಾರಾ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮೆಜಮಾನರು ಹೌದು ಅಂದುಬಿಟ್ಟರು.

ಆಟ ಶುರುವಾಯಿತು. ಚೆಂಡು ನಿಂತಾಗೆಲ್ಲ ಸಿಂಧು ತಲೆಯೆತ್ತಿ ಗೇಟಿನ ಕಡೆ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಗೇಟಿನಲ್ಲಿ ಯಾರಾದರೂ ಬಂದರೆ ಎದ್ದು ನಿಲ್ಲುತ್ತಿದ್ದೆ, ನಾಯಿ ಕರೆದುಕೊಂಡು ವಾಕಿಂಗ್ ಹೊರಟವರು ಇಣುಕಿ ಮುಂದೆ ಹೋಗುತ್ತಿದ್ದರು. ಮಧ್ಯದಲ್ಲಿ ವಸಂತಾ ಅವರಿಗೆ ಫೋನ್ ಮಾಡಿದೆ. ತೆಗೆದರು.

"ಅಯ್ಯೋ, ಇವತ್ತೇ ಅಲ್ವಾ! ಹೊರಡಬೇಕು ಅಂತಲೇ ಇದ್ವಿ ಕಣ್ರೀ. ಇವರು ಹಾಗೇ ಸೋಫಾದಲ್ಲಿ ನಿದ್ದೆ ಹೋದ್ರು. ಎಲ್ಲರೂ ಬಂದಿರ್ತಾರಲ್ಲ, ನಾವಿಬ್ಬರು ಇಲ್ಲದಿದ್ರೆ ಗೊತ್ತೂ ಆಗಲ್ಲ ಬಿಡಿ. ಸಿಂಧುಗೆ ಹೇಳಿ, ನಮ್ಮ ಆಶೀರ್ವಾದ ಇದೆ ಅಂತ."

ಎಲ್ಲರೂ ಬಂದಿರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಹಾಫ್ ಟೈಮಿನ ಹೊತ್ತಿಗೆ ಟೋಪಿ ಹಾಕಿದ ಒಬ್ಬ ದೊಡ್ಡ ಮನುಷ್ಯರು ಮೈದಾನದ ಅಂಚಿನಲ್ಲಿ ನಡೆದು ಬಂದರು. ಪಂದ್ಯಾವಳಿ ನಡೆಸುವವರಲ್ಲಿ ಒಬ್ಬರಂತೆ. ನಮ್ಮತ್ತೆ ಥಟ್ಟನೆ ಎದ್ದರು. "ಏಳ್ರೋ. ಮೂವರೂ ಒಂದೇ ಕಡೆ ಕೂತ್ರೆ ಬರಿದು ಅನ್ನಿಸುತ್ತೆ. ನೀನು ಹಿಂದಿನ ಸಾಲಿಗೆ ಹೋಗು, ಅವನು ಆ ತುದಿಗೆ ಹೋಗಲಿ, ನಾನು ಮಧ್ಯ ಕೂರ್ತೀನಿ. ತುಂಬಿದ ಹಾಗೆ ಕಾಣುತ್ತೆ," ಅಂದರು.

ಮಂಡಿ ನೋವಿನ ಹೆಂಗಸು, ಸೆರಗು ಹಿಡಿದುಕೊಂಡು, ಕುರ್ಚಿಗಳ ನಡುವೆ ನುಸುಳಿ ನಟ್ಟ ನಡುವೆ ಹೋಗಿ ಕೂತರು. ಪಕ್ಕದ ಕುರ್ಚಿಯ ಮೇಲೆ ತಮ್ಮ ಚೀಲ ಇಟ್ಟರು, ಇನ್ನೊಂದರ ಮೇಲೆ ಶಾಲು ಹೊದಿಸಿದರು, ಯಾರೋ ಎದ್ದು ಹೋಗಿದ್ದಾರೆ ಅನ್ನುವ ಹಾಗೆ. ನಾವಿಬ್ಬರೂ ಅವರು ಹೇಳಿದಲ್ಲಿ ಹೋಗಿ ಕೂತೆವು. ಟೋಪಿಯವರು ನಮ್ಮನ್ನು ನೋಡಿ ಸುಮ್ಮನೆ ತಲೆಯಾಡಿಸಿ, ಫೋನ್ ತೆಗೆದು ಕುರ್ಚಿಗಳ ಒಂದು ಫೋಟೋ ತೆಗೆದುಕೊಂಡರು. ಮೈದಾನದಿಂದ ಸಿಂಧು ಅದನ್ನೆಲ್ಲ ನೋಡಿದಳು. ಆಮೇಲೆ ಅವಳು ಗೇಟಿನ ಕಡೆ ನೋಡಲಿಲ್ಲ.

ಅವರು ಗೆದ್ದರು. ಇದನ್ನು ಹೇಳಲೇಬೇಕು. ಕೊನೆಯಲ್ಲಿ ನಾಲ್ಕೈದು ಹುಡುಗಿಯರ ನಡುವೆ ಮೇಲಕ್ಕೆ ಹಾರಿ ಚೆಂಡು ಹಿಡಿದು, ನಡುಗಂಬಗಳ ಮಧ್ಯೆ ನೇರ ಒದ್ದವಳು ನನ್ನ ಮಗಳೇ. ಚಪ್ಪರವಿಲ್ಲದ ಆ ಕಂಬಗಳ ನಡುವೆ ಚೆಂಡು ಹೋದಾಗ ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಕೂಗು ಮೈದಾನದ ತುಂಬ ಹೋಗಿ, ಯಾರೂ ಜೊತೆಗೂಡದೆ, ಹಾಗೇ ಅಡಗಿತು. ಕಪ್ ಕೊಟ್ಟಾಗ ಚಪ್ಪಾಳೆ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು, ಯಾವುದು ಯಾರದು ಅಂತ ಗುರುತು ಹಿಡಿಯಬಹುದಿತ್ತು.

ಎರಡೂ ಟೀಮಿನ ಹುಡುಗಿಯರು ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದರು. ಅತ್ತೆ ಎಲ್ಲರಿಗೂ ಬಡಿಸಿದರು. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ "ಅಜ್ಜಿ, ಮೋರ್" ಅನ್ನುತ್ತಿದ್ದರು. ಸಿಂಧು ತಿನ್ನಲಿಲ್ಲ. ಒಬ್ಬಳೇ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದಳು. ನಾನು ಹತ್ತಿರ ಹೋದೆ.

"ಅಮ್ಮಾ, ನಾನೇ ಎಲ್ಲರಿಗೂ ಪ್ರಾಮಿಸ್ ಮಾಡಿದ್ದೆ, ನಮ್ಮೋರು ಬರ್ತಾರೆ ಅಂತ," ಅಂದಳು. ಅಳಲಿಲ್ಲ. ಅತ್ತುಬಿಟ್ಟಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಮಳೆಯೂ ಅವತ್ತು ಬರಲೇ ಇಲ್ಲ.

ಸಂಜೆಗೆ ಸಿಂಧು ಕಪ್ ಹಿಡಿದಿರುವ, ಯಾರೋ ಹಾಕಿದ ಫೋಟೋ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಓಡಾಡಿತು. "ನಮ್ಮ ಹೆಮ್ಮೆಯ ಕನ್ನಡತಿ" ಅಂತ ಮೆಸೇಜುಗಳ ಸುರಿಮಳೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ತೋರಿಸುತ್ತೇವೆ, ಒಳ್ಳೆ ಫೋಟೋ ಕಳಿಸಿ ಅಂತ ಕೇಳಿದರು. ಸಿಂಧು, "ಅವರಿಗೆ ಫೋಟೋ ಬೇಕು ಲಾ, ಮ್ಯಾಚ್ ಅಲ್ಲ," ಅಂದು ರೂಮಿಗೆ ಹೋದಳು. ಸ್ವಲ್ಪ ದಿನಕ್ಕೆ ಮೇಲಿನಿಂದ ಸುದ್ದಿ ಬಂತು, ಮುಂದಿನ ವರ್ಷ ಹೆಂಗಸರ ಪಂದ್ಯಾವಳಿ ಇಲ್ಲ. ಅವಳ ಟೀಮ್ ಚದುರಿಹೋಯಿತು. ಬೂಟುಗಳನ್ನು ಅವಳು ಯಾರಿಗೋ ಕೊಟ್ಟುಬಿಟ್ಟಳು. ಊರಿಗೆ ಹೊರಡುವಾಗ ನಮ್ಮತ್ತೆ ಭರಣಿಯನ್ನು ನನ್ನ ಕೈಗೆ ಕೊಟ್ಟು, "ನಾನು ಆ ಮಗುಗೆ ಏನೇನೋ ಹೇಳಿಬಿಟ್ಟೆ," ಅಂತ ಅಷ್ಟೇ ಅಂದರು.

ಯಾರ ಮೇಲೂ ನನಗೆ ಕೋಪ ಇಲ್ಲ. ಕೋಪ ಬಂದಿದ್ದರೆ ಎಂದೋ ಇಳಿದುಹೋಗುತ್ತಿತ್ತು. ಎಲ್ಲರೂ ಒಳ್ಳೆಯವರೇ, ಕಷ್ಟ ಅಂದರೆ ಓಡಿ ಬರುವವರೇ. ಆದರೂ ಬಿಳಿ ಪ್ಲಾಸ್ಟಿಕ್ ಕುರ್ಚಿ ಎಲ್ಲಿ ಸಾಲಾಗಿ ಕಂಡರೂ, ಯಾರದೋ ಮದುವೆಯಲ್ಲಾದರೂ ಸರಿ, ಫ್ಲ್ಯಾಟುಗಳ ಕೆಳಗಿನ ಖಾಲಿ ಜಾಗ, ವಾಯ್ಡ್ ಡೆಕ್‌ನಲ್ಲಾದರೂ ಸರಿ, ಎಷ್ಟು ಖಾಲಿ ಇವೆ ಅಂತ ಎಣಿಸಲು ಶುರುಮಾಡುತ್ತೇನೆ.

ಈ ವರ್ಷ ವಸಂತಾ ಅವರು ಹೊಸ ಕಾಂಡೋ ಫ್ಲ್ಯಾಟು ಕೊಂಡರು. ಗೃಹಪ್ರವೇಶಕ್ಕೆ ಕರೆಯಲು ಗಂಡ ಹೆಂಡತಿ ಮನೆಗೆ ಬಂದರು. ಬಾಗಿಲು ತೆರೆದವಳು ಸಿಂಧು. ವಸಂತಾ ಅವಳ ಹಣೆಗೆ ಕುಂಕುಮ ಇಟ್ಟು, "ನೀನು ಬರಲೇಬೇಕು ಪುಟ್ಟೀ," ಅಂದರು.

"ಖಂಡಿತ ಬರ್ತೀನಿ ಆಂಟಿ. ಬರದೇ ಇರ್ತೀನಾ?" ಅಂದಳು ನನ್ನ ಮಗಳು. ನಗುತ್ತಲೇ ಅಂದಳು.

ಅವರು ಲಿಫ್ಟ್ ಹತ್ತಿದ ಮೇಲೆ ಕೇಳಿದೆ. "ನಿಜವಾಗ್ಲೂ ಬರ್ತೀಯೇನೇ?"

"ಹಾಗೆ ಹೇಳ್ಬೇಕು ಅಲ್ವಾ ಅಮ್ಮಾ?" ಅಂದು ಹಣೆ ಒರೆಸಿಕೊಂಡು ಒಳಗೆ ಹೋದಳು.

ಗೃಹಪ್ರವೇಶಕ್ಕೆ ನಾವಿಬ್ಬರೇ ಹೋದೆವು. "ಎಲ್ರೀ ಸಿಂಧು?" ಅಂದರು ವಸಂತಾ. "ಬರ್ತೀನಿ ಅಂದಿದ್ದಳು. ಅವಳಿಗೆ ಇಷ್ಟ ಅಂತ ಒಬ್ಬಟ್ಟು ಎತ್ತಿಟ್ಟಿದ್ದೀನಿ." ಏನೋ ಕ್ಲಾಸ್ ಇತ್ತು ಅಂದೆ. ಅವರು ಪಂಕ್ತಿಯಲ್ಲಿ ನನ್ನ ಪಕ್ಕ ಒಂದು ಎಲೆ ಹಾಗೇ ಬಿಟ್ಟಿದ್ದರು. ಊಟ ಮುಗಿಯುವವರೆಗೂ, ಬಡಿಸುತ್ತಾ ಬಡಿಸುತ್ತಾ, ಆಗಾಗ ಬಾಗಿಲ ಕಡೆ ನೋಡುತ್ತಲೇ ಇದ್ದರು.